ಹಳೆಯ ಪಿಕಪ್‌ನ ಗೇರ್: ಪುಣೆಯಲ್ಲಿ ಬಹುಕಾಲ ಓಡಿಸಿದವನ ವಿಮರ್ಶೆ

ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್‌ನಿಂದ ಊರಿನ ಉಡುಪಿ ಹೋಟೆಲುಗಳಿಗೆ ತೆಂಗಿನಕಾಯಿ, ಬಾಳೆಎಲೆ, ತರಕಾರಿ ಸಾಗಿಸುವ ನನ್ನ ಡೀಸೆಲ್ ಪಿಕಪ್ ಐದು ಗೇರಿನದು, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಎಂಜಿನ್ ಬಗ್ಗೆ ದೂರಿಲ್ಲ, ಚಾಸಿ ಗಟ್ಟಿ. ಈ ವಿಮರ್ಶೆ ಪೂರ್ತಿ ಗೇರಿನದೇ. ಇಂಥ ಗಾಡಿ ಕೊಳ್ಳುವವರು ಹೆದರುವುದೂ ಅದಕ್ಕೇ, ಸುಮ್ಮನೆ ದುಡ್ಡು ಸುರಿಯುವುದೂ ಅಲ್ಲೇ.

ತೊಂದರೆ ಶುರುವಾದದ್ದು ಮೊದಲ ಗೇರ್ ಮತ್ತು ರಿವರ್ಸ್‌ನಲ್ಲಿ. ಸ್ವಾರಗೇಟ್ ಸಿಗ್ನಲ್‌ನಲ್ಲಿ ನಿಂತರೆ ಲಿವರ್ ಮೊದಲ ಗೇರಿಗೆ ಹೋಗಲು ಒಪ್ಪುತ್ತಿರಲಿಲ್ಲ. ರಿವರ್ಸ್ ಹಾಕಿದರೆ ಕರಕರ ಸದ್ದು. ಒಂದು ಗ್ಯಾರೇಜಿನವರು ಗಾಡಿ ಓಡಿಸಿಯೂ ನೋಡದೆ ಗೇರ್ ಬಾಕ್ಸ್ ಇಳಿಸಬೇಕು ಎಂದರು. ಭೋಸರಿಯಲ್ಲಿರುವ ಕಲಬುರಗಿ ಕಡೆಯ ಮೇಸ್ತ್ರಿ ಪಾನಾ (ಸ್ಪ್ಯಾನರ್) ಮುಟ್ಟುವ ಮೊದಲೇ ಹೇಳಿದರು: “ಅಣ್ಣಾ, ಎಂಜಿನ್ ಬಂದ್ ಮಾಡಿ ಎಲ್ಲ ಗೇರ್ ಹಾಕಿ ನೋಡಿ.” ಬೆಣ್ಣೆಯಿಂದ ಕೂದಲು ತೆಗೆದಂತೆ ಎಲ್ಲವೂ ಬಿದ್ದವು.

ಎಂಜಿನ್ ನಿಂತಾಗ ಸಲೀಸಾಗಿ ಬೀಳುವ ಗೇರ್ ಎಂಜಿನ್ ಓಡುವಾಗ ಬೀಳದಿದ್ದರೆ ಮೊದಲ ಅನುಮಾನ ಕ್ಲಚ್ ಮೇಲೆ. ಪೆಡಲ್ ತಳಕ್ಕೆ ಒತ್ತಿದರೂ ಕ್ಲಚ್ ಪ್ಲೇಟ್ ಪೂರ್ತಿ ಬಿಡುವುದಿಲ್ಲ, ಗೇರ್ ಬಾಕ್ಸಿನೊಳಗಿನ ಶಾಫ್ಟ್ ತಿರುಗುತ್ತಲೇ ಇರುತ್ತದೆ. ನನ್ನದು ಹೈಡ್ರಾಲಿಕ್ ಕ್ಲಚ್, ಅಂದರೆ ಪೆಡಲಿನ ಒತ್ತಡವನ್ನು ಪೈಪಿನಲ್ಲಿರುವ ಆಯಿಲ್ ಕ್ಲಚ್‌ಗೆ ತಲುಪಿಸುತ್ತದೆ. ಆ ಒತ್ತಡದಿಂದ ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರಿನ ರಬ್ಬರ್ ಎತ್ತಿ ನೋಡಿದರೆ ಒಳಗೆಲ್ಲ ಒದ್ದೆ. ಸೀಲ್ ಸವೆದರೆ ಆಯಿಲ್ ಸೋರಿ ಪೈಪಿನೊಳಗೆ ಗಾಳಿ ಸೇರುತ್ತದೆ. ಕಾಲಿನ ಒತ್ತಡವೆಲ್ಲ ಆ ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ಪೆಡಲನ್ನು ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಗೇರ್ ಬೀಳುತ್ತಿದ್ದರೆ ಬಹುತೇಕ ಇದೇ ಕಾಯಿಲೆ. ಸಿಲಿಂಡರ್ ಬದಲಿಸಿ, ಗಾಳಿ ತೆಗೆಸಿದ ಮೇಲೆ ಮೊದಲ ಗೇರೂ ರಿವರ್ಸೂ ಸರಿಹೋದವು. ಗೇರ್ ಬಾಕ್ಸ್ ಇಳಿಸುವ ಮಾತೇ ಬರಲಿಲ್ಲ. ಈ ಕ್ಲಚ್‌ಗೆ ಹಾಕುವುದು ಬ್ರೇಕ್ ಆಯಿಲ್. ಅದು ತೇವ ಹೀರುತ್ತದೆ, ಆದ್ದರಿಂದ ಕಪ್ಪಾಗುವವರೆಗೆ ಬಿಡಬೇಡಿ. ಎಂಜಿನ್ ಆಯಿಲನ್ನಂತೂ ಅಲ್ಲಿಗೆ ಸುರಿಯಲೇಬೇಡಿ, ಸೀಲುಗಳು ಉಬ್ಬಿ ಹಾಳಾಗುತ್ತವೆ.

ಎರಡನೇ ಗೇರಿನದು ಬೇರೆಯೇ ಕಥೆ. ಸಾಸವಡದಿಂದ ಸೀತಾಫಲ ತುಂಬಿಕೊಂಡು ದಿವೇ ಘಾಟ್ ಇಳಿಯುವಾಗ ಮೂರರಿಂದ ಎರಡಕ್ಕೆ ಬಂದರೆ ಮಾತ್ರ ಕರಕರ. ಉಳಿದ ಗೇರುಗಳಲ್ಲಿ ಸದ್ದಿಲ್ಲ. ಒಂದೇ ಗೇರ್ ಸದ್ದು ಮಾಡಿದರೆ ಆ ಗೇರಿನ ಸಿಂಕ್ರೊನೈಸರ್ ರಿಂಗ್, ಅಂದರೆ ಗೇರ್ ಬೀಳುವ ಮುಂಚೆ ವೇಗ ಹೊಂದಿಸುವ ಬಳೆ, ಸವೆದಿರುವ ಸಾಧ್ಯತೆ ಹೆಚ್ಚು. ಹಳೆಯ ಗಾಡಿಗಳಲ್ಲಿ ಈ ರಿಂಗ್ ಸಾಮಾನ್ಯವಾಗಿ ಹಿತ್ತಾಳೆಯದು. ಹಿಂದಿನ ಮಾಲೀಕರು ಗೇರ್ ಬಾಕ್ಸ್‌ಗೆ ಜಿಎಲ್-5 ದರ್ಜೆಯ ಗೇರ್ ಆಯಿಲ್ ಹಾಕಿಸಿದ್ದರು. ಅದರಲ್ಲಿ ಹೆಚ್ಚಿರುವ ಗಂಧಕದ ರಾಸಾಯನಿಕಗಳು ಹಿತ್ತಾಳೆಗೆ ಒಗ್ಗದಿರಬಹುದು. ಕೈಪಿಡಿಯಲ್ಲಿ ಹೇಳಿದ್ದು ಜಿಎಲ್-4, ಅದನ್ನೇ ಹಾಕಿಸಿದೆ. ಸದ್ದು ಪೂರ್ತಿ ಹೋಗಲಿಲ್ಲ, ಆದರೆ ಬಹಳ ತಗ್ಗಿತು. ಆಯಿಲ್ ಬದಲಿಸುವಾಗ ತುಂಬುವ ಬೋಲ್ಟನ್ನು ಮೊದಲು ಬಿಚ್ಚಿಸಿ, ಆಮೇಲೆ ಕೆಳಗಿನದು. ಮೇಲಿನದು ತುಕ್ಕು ಹಿಡಿದು ಬಿಚ್ಚದೇ ಹೋದರೆ ಗಾಡಿ ಖಾಲಿ ಗೇರ್ ಬಾಕ್ಸ್‌ನೊಂದಿಗೆ ನಿಂತುಬಿಡುತ್ತದೆ. ಕೆಳಗಿನ ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಪುಡಿ ಅಂಟಿದ್ದರೆ ಅದು ಸಹಜ ಸವೆತ. ಚೂರುಗಳು ಸಿಕ್ಕರೆ ಒಳಗೆ ಹಲ್ಲು ಮುರಿದಿದೆಯೇ ಎಂದು ನೋಡಿಸಲೇಬೇಕು.

ಘಾಟಿನಲ್ಲಿ ಈಗ ಡಬಲ್ ಕ್ಲಚ್ ಮಾಡುತ್ತೇನೆ: ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಸ್ವಲ್ಪ ರೇಸ್, ಮತ್ತೆ ಕ್ಲಚ್ ಒತ್ತಿ ಎರಡನೇ ಗೇರ್. ಸದ್ದೇ ಇಲ್ಲ. ಲಿವರ್ ಅಲುಗಾಟ ಬುಷ್ ಬದಲಿಸಿದ ಮೇಲೆ ನಿಂತಿತು, ಅದು ಸಣ್ಣ ಖರ್ಚು.

ಇಂಥ ಗಾಡಿ ಕೊಳ್ಳಬಹುದು, ಆದರೆ ಸಮತಟ್ಟಾದ ರಸ್ತೆಯಲ್ಲಿ ಮಾತ್ರ ಓಡಿಸಿ ನೋಡಿ ಒಪ್ಪಬೇಡಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಾರಿದರೆ ಆ ಗಾಡಿ ಬೇಡ. ಭಾರ ಹೊತ್ತು ಘಾಟ್ ಇಳಿಯುವಾಗ ಅದು ಪ್ರಾಣಕ್ಕೇ ಅಪಾಯ. ನ್ಯೂಟ್ರಲ್‌ನಲ್ಲಿ ಬರುವ ಗುಂಯ್ ಸದ್ದು ಕ್ಲಚ್ ಒತ್ತಿದೊಡನೆ ನಿಂತರೆ ಕ್ಲಚ್‌ನಿಂದ ಗೇರ್ ಬಾಕ್ಸ್‌ಗೆ ಹೋಗುವ ಇನ್‌ಪುಟ್ ಶಾಫ್ಟಿನ ಬೇರಿಂಗ್ ಸವೆದಿರಬಹುದು. ನನ್ನ ಗಾಡಿಯಲ್ಲಿ ಆ ಸದ್ದು ಇನ್ನೂ ಬಂದಿಲ್ಲ. ಬಂದ ದಿನ ಗೇರ್ ಬಾಕ್ಸ್ ಇಳಿಸಿ, ಎರಡನೇ ಗೇರಿನ ರಿಂಗನ್ನೂ ಜೊತೆಗೇ ಹಾಕಿಸುತ್ತೇನೆ.