ಪ್ಯಾರಿಸ್ ಮ್ಯೂಸಿಯಂ ಪಾಸ್ ತಗೊಳ್ಳೋದಾ, ಬಿಡಿ ಟಿಕೆಟ್ ಸಾಕಾ?

ಪ್ಯಾರಿಸ್ ಸುತ್ತಲಿನ ಹಲವು ಮ್ಯೂಸಿಯಂ, ಸ್ಮಾರಕಗಳಿಗೆ ಒಂದೇ ಟಿಕೆಟ್ ಈ ಪಾಸ್. ದಿನಕ್ಕೆ ಎರಡು ದೊಡ್ಡ ಜಾಗ ಸುತ್ತುವ ಹುಮ್ಮಸ್ಸಿದ್ದರೆ ಪಾಸ್ ತಗೊಳ್ಳಿ. ಒಂದೇ ಮ್ಯೂಸಿಯಂನಲ್ಲಿ ಇಡೀ ದಿನ ನಿಧಾನವಾಗಿ ಓಡಾಡುವವರಿಗೆ ಬಿಡಿ ಟಿಕೆಟ್ಟೇ ಲಾಭ.

ಲೂವ್ರ್ ಮ್ಯೂಸಿಯಂ ಟಿಕೆಟ್ 2024ರಲ್ಲಿ 22 ಯೂರೋ ಆಯಿತು, 2026ರ ಜನವರಿಯಿಂದ ಯುರೋಪಿನ ಹೊರಗಿಂದ ಬರುವ ನಮ್ಮಂಥವರಿಗೆ 32. ಹಾಗಾಗಿ ಲೂವ್ರ್, ವರ್ಸೈ ಅರಮನೆ, ಓರ್ಸೆ ಮ್ಯೂಸಿಯಂ ಮೂರನ್ನೂ ನೋಡುವವರು ಪಾಸ್ ಲೆಕ್ಕ ಹಾಕಲೇಬೇಕು. ಆದರೆ ಐಫೆಲ್ ಟವರ್, ಮೆಟ್ರೋ, ಸೀನ್ ನದಿಯ ದೋಣಿ ಇದ್ಯಾವುದೂ ಪಾಸ್‌ನಲ್ಲಿ ಇಲ್ಲ.

ಜನ ಎಡವುವುದು ವಾರದ ಲೆಕ್ಕದಲ್ಲಿ. ಪಾಸ್ ಗಂಟೆ ಲೆಕ್ಕದಲ್ಲಿ ಓಡುತ್ತದೆ, ಎರಡು ದಿನದ ಪಾಸ್ ಆದರೆ ಮೊದಲ ಮ್ಯೂಸಿಯಂನಲ್ಲಿ ಸ್ಕ್ಯಾನ್ ಆದ ಕ್ಷಣದಿಂದ 48 ಗಂಟೆ. ಸೋಮವಾರ ಓರ್ಸೆ, ವರ್ಸೈ ಎರಡಕ್ಕೂ ರಜೆ, ಮಂಗಳವಾರ ಲೂವ್ರ್‌ಗೆ ರಜೆ, ಅಂದಮೇಲೆ ಸೋಮವಾರ ಬೆಳಿಗ್ಗೆ ಶುರು ಮಾಡಿದರೆ ಅರ್ಧ ದುಡ್ಡು ಸುಮ್ನೆ ಹೋದಂತೆ ಅಲ್ವಾ? ಬುಧವಾರ ಅಥವಾ ಗುರುವಾರ ಶುರು ಮಾಡಿ.

ಪಾಸ್ ಇದ್ದರೂ ಲೂವ್ರ್, ವರ್ಸೈಗೆ ಸಮಯ ಮೊದಲೇ ಬುಕ್ ಮಾಡಲೇಬೇಕು. ಪಾಸ್ ಕೊಳ್ಳುವ ಮುಂಚೆಯೇ ನಿಮ್ಮ ದಿನಕ್ಕೆ ಜಾಗ ಇದೆಯಾ ನೋಡಿಕೊಳ್ಳಿ, ದಯವಿಟ್ಟು. ಸೆಕ್ಯುರಿಟಿ ಕ್ಯೂ ಎಲ್ಲರಿಗೂ ಇದ್ದದ್ದೇ.

ಮಕ್ಕಳಿಗಂತೂ ಪಾಸ್ ಬೇಡವೇ ಬೇಡ. 18 ವರ್ಷದೊಳಗಿನವರಿಗೆ ಲೂವ್ರ್, ವರ್ಸೈ, ಓರ್ಸೆ ಮೂರೂ ಕಡೆ ಪ್ರವೇಶ ಉಚಿತ, ವಯಸ್ಸು ತೋರಿಸಲು ಪಾಸ್‌ಪೋರ್ಟ್ ಕೈಯಲ್ಲಿರಲಿ.