ಮೂರು ವರ್ಷದಿಂದ ಅಮ್ಮನ ಮದ್ದು ಆ್ಯಪ್‌ನಲ್ಲಿ: ಮಾತ್ರೆ ಸರಿ, ಇನ್ಸುಲಿನ್ ಬೇಡ

ಅಮ್ಮನಿಗೆ ಶುಗರ್, ಥೈರಾಯ್ಡ್, ಬಿಪಿ ಮೂರೂ ಉಂಟು. ಮನೆ ಬ್ರಹ್ಮಾವರದಿಂದ ಸ್ವಲ್ಪ ಒಳಗೆ. ನನಗೆ ಕೆಲಸ ಮಂಗಳೂರಿನಲ್ಲಿ. ಮದ್ದು ಹಿಡಿದುಕೊಂಡು ಹೋಗಲು ಪ್ರತಿ ತಿಂಗಳು ರಜೆ ಸಿಗುವುದಿಲ್ಲ. ಹಾಗಾಗಿ ಮೂರು ವರ್ಷದಿಂದ ಒಂದು ಆ್ಯಪ್‌ನಲ್ಲಿ ಆರ್ಡರ್ ಹಾಕುತ್ತಿದ್ದೇನೆ. ರಿಯಾಯಿತಿ, ಡೆಲಿವರಿ ಬಗ್ಗೆ ಎಲ್ಲರೂ ಬರೆಯುತ್ತಾರೆ. ಮನೆಗೆ ಬಂದ ಮದ್ದನ್ನು ನಂಬಬಹುದಾ ಅನ್ನುವುದು ನನ್ನ ಪ್ರಶ್ನೆ.

ಮೊದಲು ಒಳ್ಳೆಯದು. ಒಮ್ಮೆ ಥೈರಾಯ್ಡ್ ಮಾತ್ರೆ 50 ಮೈಕ್ರೋಗ್ರಾಂ ಬದಲು ತಪ್ಪಿ 100 ಒತ್ತಿದ್ದೆ. ಅರ್ಧ ಗಂಟೆಯಲ್ಲಿ ಫಾರ್ಮಸಿಸ್ಟ್ ಫೋನ್ ಬಂತು. "ಮೇಡಂ, ಚೀಟಿಯಲ್ಲಿ 50 ಇದೆ, ನೀವು 100 ಹಾಕಿದ್ದೀರಿ. ಡಾಕ್ಟರ್ ಡೋಸ್ ಬದಲಾಯಿಸಿದ್ದಾರಾ?" ಅಮ್ಮನಿಗೆ ಎಪ್ಪತ್ತು ದಾಟಿದೆ. ಈ ಮಾತ್ರೆ ಜಾಸ್ತಿಯಾದರೆ ಎದೆ ಬಡಿತ ಏರಬಹುದು. ಚೀಟಿಯನ್ನು ನಿಜವಾಗಿ ಓದುವವರು ಆ ಕಡೆ ಇದ್ದಾರೆ ಅಂತ ಅವತ್ತು ಗೊತ್ತಾಯಿತು. ಆ ಫಾರ್ಮಸಿಸ್ಟ್‌ಗೆ ಈಗಲೂ ನನ್ನ ಥ್ಯಾಂಕ್ಸ್.

ಆದರೆ ಅದೇ ಆ್ಯಪ್‌ನಲ್ಲಿ, ನನಗೆ ಗಂಟಲು ನೋವಾದಾಗ, ಚೀಟಿ ಇಲ್ಲದೆ ಸೆಫಿಕ್ಸೀಮ್ ಅನ್ನುವ ಆ್ಯಂಟಿಬಯಾಟಿಕ್ ಹುಡುಕಿದೆ. "ನಮ್ಮ ಡಾಕ್ಟರ್ ಫೋನ್ ಮಾಡುತ್ತಾರೆ" ಅಂತ ಬಂತು. ಮಾಡಿದರು. ಒಂದು ನಿಮಿಷವೂ ಮಾತಾಡಲಿಲ್ಲ. ಜ್ವರ ಉಂಟಾ, ಅಲರ್ಜಿ ಉಂಟಾ, ಏನೂ ಕೇಳದೆ ಚೀಟಿ ತಯಾರು. ಸೆಫಿಕ್ಸೀಮ್ ಶೆಡ್ಯೂಲ್ ಎಚ್1, ಅಂದರೆ ಡಾಕ್ಟರ್ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಮದ್ದುಗಳ ಬಿಗಿ ಪಟ್ಟಿಯಲ್ಲಿ ಉಂಟು. ಇಂಥ ಮದ್ದು ಮಾರಿದರೆ ಡಾಕ್ಟರ್ ಹೆಸರು, ರೋಗಿಯ ಹೆಸರು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಆ ನಿಯಮ ಸುಮ್ನೆ ಮಾಡಿದ್ದಲ್ಲ. ಆ್ಯಂಟಿಬಯಾಟಿಕ್ ಬೇಕಾಬಿಟ್ಟಿ ನುಂಗಿದರೆ, ನಿಜವಾಗಿ ಬೇಕಾದಾಗ ಅದು ನಾಟುವುದಿಲ್ಲ. ನಾನು ಆರ್ಡರ್ ಕ್ಯಾನ್ಸಲ್ ಮಾಡಿ ಡಾಕ್ಟರ್ ಹತ್ತಿರ ಹೋಗಿ ತೋರಿಸಿದೆ.

ಇನ್ನು ಇನ್ಸುಲಿನ್. ಶುಗರ್‌ಗೆ ಅಮ್ಮ ಚುಚ್ಚಿಕೊಳ್ಳುವ ಮದ್ದು, ಪೆನ್ನಿನ ಆಕಾರದ ಸಿರಿಂಜ್‌ನಲ್ಲಿ ಬರುತ್ತದೆ. ತೆರೆಯದ ಪೆನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಕಳೆದ ಮೇ ತಿಂಗಳಲ್ಲಿ, ನಾನು ಊರಲ್ಲಿದ್ದ ದಿನವೇ ಪಾರ್ಸೆಲ್ ಬಂತು. ಮಧ್ಯಾಹ್ನ ಎರಡು ಗಂಟೆ, ಉರಿ ಸೆಕೆ. ಟೇಪ್ ಬಿಚ್ಚಿದೆ. ಜೆಲ್ ಪ್ಯಾಕ್ ಪೂರ್ತಿ ಕರಗಿ ಕೈಯಲ್ಲಿ ಜೋಲುತ್ತಿತ್ತು. ಪೆನ್ ಮುಟ್ಟಿದರೆ ಬೆಚ್ಚಗೆ. ಒಳಗಿನ ಮದ್ದು ಮಾತ್ರ ನೀರಿನ ಹಾಗೆ ತಿಳಿಯಾಗಿಯೇ ಇತ್ತು. ಭಯ ಆಗುವುದು ಅಲ್ಲೇ ಅಲ್ವಾ? ಬಿಸಿಗೆ ಅದರ ಬಲ ಕಡಿಮೆಯಾಗಿದ್ದರೂ ಕಣ್ಣಿಗೆ ಕಾಣಬೇಕೆಂದಿಲ್ಲ. ಚುಚ್ಚಿಕೊಂಡ ಮೇಲೆ ಶುಗರ್ ಇಳಿಯದಿದ್ದಾಗ ಗೊತ್ತಾಗಬೇಕು. ಅಮ್ಮ ಪೆಟ್ಟಿಗೆ ನೋಡಿ, "ಮಲ್ಪೆಯಿಂದ ಮೀನು ತರುವವರು ಸಹ ಇದಕ್ಕಿಂತ ಜಾಸ್ತಿ ಐಸ್ ಹಾಕ್ತಾರೆ ಮಗಾ" ಅಂದರು. ಮಳೆಗಾಲದಲ್ಲಿ ಉಲ್ಟಾ ಆಯಿತು. ಪೆನ್ ನೇರ ಐಸ್ ಪ್ಯಾಕ್‌ಗೆ ಅಂಟಿಕೊಂಡಿತ್ತು, ನಡುವೆ ಒಂದು ರಟ್ಟು ಸಹ ಇಲ್ಲ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸಬಾರದು.

ಎರಡು ಸಲವೂ ಫೋಟೋ ಕಳಿಸಿದೆ, ತಕರಾರಿಲ್ಲದೆ ದುಡ್ಡು ವಾಪಸ್ ಕೊಟ್ಟರು. ವಾಪಸ್ ತೆಗೆದುಕೊಂಡ ಪೆನ್ ಏನು ಮಾಡುತ್ತೀರಿ ಅಂತ ಕೇಳಿದೆ. ಮರುಮಾರಾಟ ಮಾಡುವುದಿಲ್ಲ, ನಾಶ ಮಾಡುತ್ತೇವೆ ಅಂದರು. ಅದನ್ನು ಬರೆದು ಕೊಡಿ ಅಂದದ್ದಕ್ಕೆ ಇವತ್ತಿಗೂ ಉತ್ತರ ಇಲ್ಲ. ನನ್ನ ಅಮ್ಮ ಬೇಡ ಅಂದ ಪೆನ್ ಇನ್ನೊಬ್ಬರ ಅಮ್ಮನ ಮನೆಗೆ ಹೋಗಬಾರದಲ್ಲ.

ಸಣ್ಣ ದೂರು ಇನ್ನೊಂದು. ಹತ್ತು ಮಾತ್ರೆ ಹೇಳಿದರೆ ಹದಿನೈದರ ಸ್ಟ್ರಿಪ್ ಕತ್ತರಿಸಿ ಕಳಿಸುತ್ತಾರೆ. ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುವ ತುದಿ ಕೆಲವು ಸಲ ಅವರ ಹತ್ತಿರವೇ ಉಳಿಯುತ್ತದೆ. ಬಿಲ್‌ನಲ್ಲಿ ಬ್ಯಾಚ್ ಇರುತ್ತದೆ ನಿಜ, ಆದರೆ ಸ್ಟ್ರಿಪ್‌ನಲ್ಲಿ ಇಲ್ಲದಿದ್ದರೆ ತಾಳೆ ಹಾಕುವುದು ಹೇಗೆ? ಈಗ ಪೂರ್ತಿ ಸ್ಟ್ರಿಪ್ ಲೆಕ್ಕದಲ್ಲೇ ಆರ್ಡರ್ ಹಾಕುತ್ತೇನೆ.

ಥೈರಾಯ್ಡ್, ಬಿಪಿ ಮಾತ್ರೆ ಈಗಲೂ ಅಲ್ಲಿಂದಲೇ. ಅದಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಇನ್ಸುಲಿನ್‌ಗೆ ಒಂದು. ಅದನ್ನು ಈಗ ಬ್ರಹ್ಮಾವರದ ಅಂಗಡಿಯಿಂದ ತರುತ್ತೇವೆ. ರಿಯಾಯಿತಿ ಕಡಿಮೆ. ಅವರು ನಮ್ಮ ಕಣ್ಣೆದುರೇ ಫ್ರಿಜ್ ತೆರೆದು ಪೆನ್ ತೆಗೆಯುತ್ತಾರೆ. ಅಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ, ಐಸ್ ಹಾಕಿದ ಫ್ಲಾಸ್ಕ್‌ನಲ್ಲಿಟ್ಟು, ರಿಕ್ಷಾ ಹತ್ತಿ ಹತ್ತು ನಿಮಿಷದಲ್ಲಿ ಮನೆಗೆ ಮುಟ್ಟುತ್ತಾರೆ.