ಹಾಡು ಮಸುಕಾದಾಗ ಯಾವ ಆ್ಯಪ್ ಕೈಹಿಡಿಯುತ್ತದೆ? ಸ್ಪಾಟಿಫೈ, ಆಪಲ್ ಮ್ಯೂಸಿಕ್, ಯೂಟ್ಯೂಬ್ ಮ್ಯೂಸಿಕ್ ಹೋಲಿಕೆ

ಮ್ಯೂಸಿಕ್ ಆ್ಯಪ್‌ಗಳನ್ನು ಹೋಲಿಸುವವರು ಸಾಮಾನ್ಯವಾಗಿ ನೋಡುವುದು ತಿಂಗಳ ಚಂದಾ, ಧ್ವನಿಯ ಗುಣಮಟ್ಟ, ಒಟ್ಟು ಹಾಡುಗಳ ಸಂಖ್ಯೆ. ವರ್ಷಗಟ್ಟಲೆ ಪ್ಲೇಲಿಸ್ಟ್ ಕಟ್ಟಿಕೊಂಡು ಬಂದವರಿಗೆ ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೇರೆಯೇ ಇದೆ. ನಿನ್ನೆ ಇದ್ದ ಹಾಡು ಇವತ್ತು ಪಟ್ಟಿಯಲ್ಲಿ ಮಸುಕಾಗಿ, ಒತ್ತಿದರೂ ನುಡಿಯದೆ ಹೋದಾಗ ಅಥವಾ ಇಲ್ಲವೇ ಆದಾಗ ಆ್ಯಪ್ ಹೇಗೆ ನಡೆದುಕೊಳ್ಳುತ್ತದೆ? ಹೋದ ಹಾಡಿನ ಹೆಸರಾದರೂ ಉಳಿಯುತ್ತದೆಯೇ, ಯಾಕೆ ಹೋಯಿತು ಅಂತ ತಿಳಿಯುತ್ತದೆಯೇ, ಆ ಜಾಗದಲ್ಲಿ ನಮ್ಮದೇ ಫೈಲು ಇಡಲು ಬರುತ್ತದೆಯೇ? ಕನ್ನಡ ಹಾಡುಗಳಿಗಾಗಿ ಮೂರೂ ಆ್ಯಪ್‌ಗಳನ್ನು ಬಳಸಿ, ಈ ಮೂರು ಪ್ರಶ್ನೆಗಳಿಂದಲೇ ಇಲ್ಲಿ ಅಳೆದಿದ್ದೇವೆ.

ಮೊದಲು, ತೊಂದರೆ ಫೋನಿನದೋ ಹಕ್ಕಿನದೋ?

ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿ, ಶೇರ್‌ನಲ್ಲಿ ಲಿಂಕ್ ಕಾಪಿ ಮಾಡಿ, ಕಂಪ್ಯೂಟರಿನ ಬ್ರೌಸರ್‌ನಲ್ಲಿ ಅದೇ ಅಕೌಂಟಿನಿಂದ ತೆರೆಯಿರಿ. ಅಲ್ಲಿ ಹಾಡು ಬಂದರೆ ತೊಂದರೆ ಫೋನಿನದು. ಅಲ್ಲೂ ಬರದಿದ್ದರೆ ಆ್ಯಪ್ ಅಳಿಸಿ ಮತ್ತೆ ಹಾಕುವುದರಿಂದ ಏನೂ ಆಗುವುದಿಲ್ಲ, ಡೌನ್‌ಲೋಡ್ ಮಾಡಿಟ್ಟ ಹಾಡುಗಳಷ್ಟೇ ಹೋಗುತ್ತವೆ. ಹಾಡು ಕಾಣೆಯಾದ ಕೂಡಲೇ ಹೆಚ್ಚಿನವರು ಮಾಡುವುದು ಇದನ್ನೇ. ಇದನ್ನು ಕೊನೆಗೆ ಇಟ್ಟುಕೊಳ್ಳಿ.

ಎರಡನೆಯ ಪರೀಕ್ಷೆ: ಆ ಹಾಡಿನ ಹಕ್ಕು ಹೊಂದಿರುವ ಕಂಪನಿಯ ಇನ್ನೆರಡು ಆಲ್ಬಂ ತೆರೆದು ನೋಡಿ. ಆಲ್ಬಂ ಪುಟದ ತಳದಲ್ಲಿ ಹಕ್ಕುದಾರ ಕಂಪನಿಯ ಹೆಸರಿರುತ್ತದೆ. ಎಲ್ಲವೂ ಒಟ್ಟಿಗೆ ಹೋಗಿದ್ದರೆ ಕಂಪನಿ ಮತ್ತು ಆ್ಯಪ್ ನಡುವಿನ ಒಪ್ಪಂದ ಮುರಿದಿದೆ ಎಂದರ್ಥ. ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರವರಿಯಲ್ಲಿ. ಅದೇ ವರ್ಷ ಸರೆಗಮ ಕಂಪನಿ ಅದರ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು, ಸರೆಗಮದ ಹಾಡುಗಳು ಸ್ಪಾಟಿಫೈನಿಂದ ಇಳಿದವು. ಹಳೆಯ ಎಚ್‌ಎಂವಿ ರೆಕಾರ್ಡುಗಳ ಹಕ್ಕು ಸರೆಗಮದ್ದೇ ಆದ್ದರಿಂದ ಕನ್ನಡದ ಹಳೆಯ ಚಿತ್ರಗೀತೆ ಕೇಳುವವರಿಗೆ ಅದು ಸಣ್ಣ ನಷ್ಟವಾಗಿರಲಿಲ್ಲ. 2020ರಲ್ಲಿ ಒಪ್ಪಂದವಾಗಿ ಹಾಡುಗಳು ಮರಳಿದವು. 2023ರ ಮಾರ್ಚ್‌ನಲ್ಲಿ ಝೀ ಮ್ಯೂಸಿಕ್ ಹಾಡುಗಳೂ ಹೀಗೇ ಸ್ಪಾಟಿಫೈನಿಂದ ಇಳಿದಿದ್ದವು. ಇಂಥ ಹೊತ್ತಿನಲ್ಲಿ ಮಸುಕಾದ ಸಾಲುಗಳನ್ನು ಅಳಿಸಬೇಡಿ. ಒಪ್ಪಂದ ಕುದುರಿದರೆ ಅದೇ ಸಾಲು ಮತ್ತೆ ಜೀವ ಪಡೆಯಬಹುದು. ಅಳಿಸಿದರೆ ಏನಿತ್ತೆಂಬ ನೆನಪೂ ಉಳಿಯುವುದಿಲ್ಲ.

ಒಂದೇ ಹಾಡು ಅಥವಾ ಒಂದೇ ಆಲ್ಬಂ ಹೋಗಿದ್ದರೆ ಕಾರಣ ಬಹುಪಾಲು ಬೇರೆ. ಕಂಪನಿ ಅದೇ ಆಲ್ಬಂ ಅನ್ನು ಹೊಸದಾಗಿ ಏರಿಸಿರುತ್ತದೆ. ಚಿತ್ರ ಬಿಡುಗಡೆಗೆ ಮುಂಚೆ ಸಿಂಗಲ್ ಆಗಿ ಬಂದ ಹಾಡು ಆಮೇಲೆ ಪೂರ್ತಿ ಆಲ್ಬಂ ಒಳಗೆ ಬರುತ್ತದೆ, ಕೆಲವು ಸಲ ಸಿಂಗಲ್ ಇಳಿಯುತ್ತದೆ. ಹಾಡು ಅಲ್ಲೇ ಇದೆ, ನಿಮ್ಮ ಪ್ಲೇಲಿಸ್ಟ್ ಮಾತ್ರ ಹಳೆಯ ಗುರುತಿನ ಸಂಖ್ಯೆಯನ್ನು ಹಿಡಿದುಕೊಂಡಿದೆ.

ಸ್ಪಾಟಿಫೈ

ಹಳೆಯ ಗುರುತು ಸತ್ತಾಗ ಅದೇ ರೆಕಾರ್ಡಿಂಗ್‌ನ ಇನ್ನೊಂದು ಪ್ರತಿ ನಿಮ್ಮ ದೇಶದಲ್ಲಿ ಲಭ್ಯವಿದ್ದರೆ ಸ್ಪಾಟಿಫೈ ತಾನೇ ಅದಕ್ಕೆ ಕೊಂಡಿ ಬದಲಿಸುತ್ತದೆ. ನಿಮಗೆ ಗೊತ್ತೇ ಆಗದಂತೆ ಹಾಡು ಮುಂದುವರಿಯುತ್ತದೆ. ಈ ಸೌಲಭ್ಯ ನಿಜಕ್ಕೂ ದೊಡ್ಡದು. ಆದರೆ ಎರಡೂ ಪ್ರತಿಗಳ ವಿವರ ಹೊಂದಿದರೆ ಮಾತ್ರ ಇದು ನಡೆಯುತ್ತದೆ. ಗಾಯಕರ ಹೆಸರಿನ ಸ್ಪೆಲ್ಲಿಂಗ್, ಆಲ್ಬಂ ಹೆಸರು ಎಲ್ಲ ಒಂದೊಂದು ಕಡೆ ಒಂದೊಂದು ಥರ ಇರುವ ಹಳೆಯ ಕನ್ನಡ ಹಾಡುಗಳಲ್ಲಿ ಇದನ್ನು ನಂಬಿಕೊಂಡು ಕೂರುವಂತಿಲ್ಲ.

ಇಲ್ಲಿ ಎಷ್ಟೋ ಸಲ ಹಾಡು ಮಸುಕಾಗಿಯೂ ಕಾಣುವುದಿಲ್ಲ, ಪಟ್ಟಿಯಿಂದಲೇ ಮರೆಯಾಗಿರುತ್ತದೆ. ಸಿಗದ ಹಾಡುಗಳನ್ನು ತೋರಿಸುವ ಅಥವಾ ಮರೆಮಾಡುವ ಸ್ವಿಚ್ ಸೆಟ್ಟಿಂಗ್ಸ್‌ನಲ್ಲಿದೆ. ಆವೃತ್ತಿ ಬದಲಾದಂತೆ ಅದರ ಜಾಗವೂ ಬದಲಾಗುತ್ತದೆ. ಪ್ಲೇಬ್ಯಾಕ್, ಕಂಟೆಂಟ್, ಡಿಸ್‌ಪ್ಲೇ ಈ ಮೂರರಲ್ಲಿ ಹುಡುಕಿ. ತೋರಿಸುವಂತೆ ಮಾಡಿದ ಕೂಡಲೇ ಹೋದ ಹಾಡುಗಳ ಹೆಸರು, ಗಾಯಕರು, ಆಲ್ಬಂ ಎಲ್ಲ ಮಸುಕಾದ ಸಾಲುಗಳಾಗಿ ವಾಪಸ್ ಬರುತ್ತವೆ. ಹೆಸರು ಉಳಿಸುವ ವಿಷಯದಲ್ಲಿ ಸ್ಪಾಟಿಫೈಗೆ ಪೂರ್ತಿ ಅಂಕ.

ತೊಂದರೆ ಫೋನಿನದಾದರೆ ನೋಡಬೇಕಾದವು ಇವು. ಎಕ್ಸ್‌ಪ್ಲಿಸಿಟ್ ಕಂಟೆಂಟ್ (ಬೈಗುಳ, ಅಶ್ಲೀಲ ಪದಗಳಿರುವ ಹಾಡುಗಳು) ಆಫ್ ಆಗಿದ್ದರೆ ಆ ಗುರುತಿರುವ ಹಾಡುಗಳೆಲ್ಲ ಮಸುಕಾಗುತ್ತವೆ. ಬೇರೆಯವರ ಪ್ಲೇಲಿಸ್ಟ್‌ನಲ್ಲಿ ಕೈತಪ್ಪಿ ಹೈಡ್ ಒತ್ತಿದ ಹಾಡೂ ಹಾಗೇ ಕಾಣುತ್ತದೆ. ಡೌನ್‌ಲೋಡ್ ಮಾಡಿದ ಹಾಡುಗಳು ನುಡಿಯುತ್ತಿರಬೇಕಾದರೆ 30 ದಿನಕ್ಕೆ ಒಮ್ಮೆಯಾದರೂ ಆ್ಯಪ್ ಇಂಟರ್ನೆಟ್ ನೋಡಬೇಕು. ಡೌನ್‌ಲೋಡಿಗೆ ಹೆಚ್ಚೆಂದರೆ 5 ಸಾಧನ, ಒಂದೊಂದರಲ್ಲಿ 10,000 ಹಾಡು. ಪ್ರೀಮಿಯಂ ಇಲ್ಲದವರು ಪರದೇಶಕ್ಕೆ ಹೋದರೆ 14 ದಿನ ಮಾತ್ರ ಕೇಳಬಹುದು, ಆಮೇಲೆ ಅಕೌಂಟಿನ ದೇಶ ಬದಲಿಸಬೇಕು. ಊರಿನಿಂದ ದುಬೈಗೋ ಅಮೆರಿಕಕ್ಕೋ ಹೋದ ಅಪ್ಪ-ಅಮ್ಮನ ಫೋನಿನಲ್ಲಿ ಇದ್ದಕ್ಕಿದ್ದಂತೆ ಭಕ್ತಿಗೀತೆ ನಿಂತುಹೋದರೆ ಮೊದಲು ಇದನ್ನೇ ನೋಡಿ. ಇವೆಲ್ಲ ಸರಿಯಿದ್ದರೆ ಸೆಟ್ಟಿಂಗ್ಸ್, ಸ್ಟೋರೇಜ್, ಕ್ಲಿಯರ್ ಕ್ಯಾಶ್ ಒತ್ತಿ, ಆ್ಯಪ್ ಕೂಡಿಟ್ಟುಕೊಂಡ ತಾತ್ಕಾಲಿಕ ಡೇಟಾ ಅಳಿಯುತ್ತದೆ. ಇದರಿಂದ ಡೌನ್‌ಲೋಡ್‌ಗಳು ಹೋಗುವುದಿಲ್ಲ.

ನಮ್ಮದೇ ಫೈಲು ಇಡುವುದು ಇಲ್ಲಿ ಸಾಧ್ಯ, ಆದರೆ ಸ್ವಲ್ಪ ಗೋಜಲು. ಕಂಪ್ಯೂಟರ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಲೋಕಲ್ ಫೈಲ್ಸ್ ಆನ್ ಮಾಡಿ, ಫೋಲ್ಡರ್ ತೋರಿಸಿ, ಆ ಎಂಪಿ3ಯನ್ನು ಒಂದು ಪ್ಲೇಲಿಸ್ಟಿಗೆ ಎಳೆದು ಹಾಕಿ. ಫೋನು ಮತ್ತು ಕಂಪ್ಯೂಟರ್ ಒಂದೇ ವೈಫೈನಲ್ಲಿರುವಾಗ ಫೋನಿನಲ್ಲಿ ಆ ಪ್ಲೇಲಿಸ್ಟನ್ನು ಡೌನ್‌ಲೋಡ್ ಮಾಡಿ. ವೈಫೈ ಬೇರೆಯಾದರೆ ಅಥವಾ ಕಂಪ್ಯೂಟರಿನ ಫೈರ್‌ವಾಲ್ ತಡೆದರೆ ಆ ಸಾಲು ಫೋನಿನಲ್ಲಿ ಮಸುಕಾಗಿಯೇ ಉಳಿಯುತ್ತದೆ. ಆ್ಯಪಲ್ ಲಾಸ್‌ಲೆಸ್ ಎಂ4ಎ ಫೈಲುಗಳು ನಡೆಯುವುದಿಲ್ಲ, ಎಂಪಿ3ಗೆ ಬದಲಿಸಿಕೊಳ್ಳಿ. ಫೈಲು ಸ್ಪಾಟಿಫೈ ಸರ್ವರಿಗೆ ಹೋಗುವುದಿಲ್ಲ ಎಂಬುದು ನೆನಪಿರಲಿ: ಫೋನ್ ಬದಲಿಸಿದರೆ ಈ ಕೆಲಸ ಮತ್ತೆ ಮೊದಲಿನಿಂದ.

ಆಪಲ್ ಮ್ಯೂಸಿಕ್

ಯಾಕೆ ಹೋಯಿತು ಎಂಬ ಪ್ರಶ್ನೆಗೆ ನೇರವಾಗಿ ಉತ್ತರಿಸುವುದು ಆಪಲ್ ಒಂದೇ, ಅದೂ ಮ್ಯಾಕ್‌ನಲ್ಲಿ. ಮ್ಯೂಸಿಕ್ ಆ್ಯಪ್‌ನ ಸಾಂಗ್ಸ್ ಪಟ್ಟಿ ತೆರೆದು, ಮೇಲಿನ ಕಾಲಂ ಹೆಸರುಗಳ ಮೇಲೆ ರೈಟ್ ಕ್ಲಿಕ್ ಮಾಡಿ ಕ್ಲೌಡ್ ಸ್ಟೇಟಸ್ ಆರಿಸಿ. ಪ್ರತಿ ಹಾಡಿನ ಎದುರು ಅದರ ಸ್ಥಿತಿ ಬರುತ್ತದೆ. ‘ನೋ ಲಾಂಗರ್ ಅವೈಲಬಲ್’ ಅಂತಿದ್ದರೆ ಆಪಲ್ ಕ್ಯಾಟಲಾಗಿನಿಂದಲೇ ಇಳಿದಿದೆ. ‘ರಿಮೂವ್ಡ್’ ಅಂದರೆ ನಿಮ್ಮದೇ ಇನ್ನೊಂದು ಸಾಧನದಿಂದ ಯಾರೋ ಅಳಿಸಿದ್ದಾರೆ. ‘ಇನ್‌ಎಲಿಜಿಬಲ್’ ಅಂದರೆ ನಿಮ್ಮ ಫೈಲು ಮಿತಿ ಮೀರಿದೆ: 200 ಎಂಬಿ ಅಥವಾ 2 ಗಂಟೆ ದಾಟಿದ್ದು ಏರುವುದಿಲ್ಲ. ಪೂರ್ತಿ ಯಕ್ಷಗಾನ ಪ್ರಸಂಗದ, ಹರಿಕಥೆಯ ರೆಕಾರ್ಡಿಂಗ್‌ಗಳು ಸಿಕ್ಕಿಬೀಳುವುದು ಇಲ್ಲೇ. ಅವನ್ನು ಒಂದೊಂದು ಗಂಟೆಯ ತುಂಡು ಮಾಡಿ ಏರಿಸಬೇಕು. ಈ ಕಾಲಂ ಮೇಲೆ ಒಮ್ಮೆ ಕ್ಲಿಕ್ಕಿಸಿದರೆ ಒಂದೇ ಸ್ಥಿತಿಯ ಹಾಡುಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಸಾವಿರಾರು ಹಾಡಿರುವವರಿಗೆ ಇದಕ್ಕಿಂತ ಚುರುಕಾದ ತಪಾಸಣೆ ಬೇರೆಲ್ಲೂ ಸಿಗಲಿಲ್ಲ.

ಐಫೋನಿನಲ್ಲಿ ಮಾತ್ರ ಮಸುಕಾಗಿದ್ದರೆ ಸ್ಕ್ರೀನ್ ಟೈಮ್ ಒಳಗಿನ ಕಂಟೆಂಟ್ ನಿರ್ಬಂಧದಲ್ಲಿ ಮ್ಯೂಸಿಕ್ ‘ಕ್ಲೀನ್’ ಅಂತಿದೆಯೇ ನೋಡಿ. ಮಕ್ಕಳ ಫೋನಿನಲ್ಲಿ ಬಹಳ ಸಲ ಇದೇ ಕಾರಣ. ಎಲ್ಲ ಸಾಧನಗಳಲ್ಲೂ ಒಂದೇ ಸಂಗ್ರಹ ತೋರಿಸುವ ಸಿಂಕ್ ಲೈಬ್ರರಿ ಸೆಟ್ಟಿಂಗನ್ನು ಆಫ್ ಮಾಡಿ ಆನ್ ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ಆಫ್ ಮಾಡಿದೊಡನೆ ಡೌನ್‌ಲೋಡ್ ಆದ ಆಪಲ್ ಮ್ಯೂಸಿಕ್ ಹಾಡುಗಳೆಲ್ಲ ಫೋನಿನಿಂದ ಹೋಗುತ್ತವೆ. ಆದ್ದರಿಂದ ಒಳ್ಳೆಯ ವೈಫೈ ಇರುವಾಗ ಮಾತ್ರ ಇದಕ್ಕೆ ಕೈಹಾಕಿ.

ನಮ್ಮ ಫೈಲುಗಳನ್ನು 1,00,000ದವರೆಗೆ ಕ್ಲೌಡಿಗೆ ಏರಿಸಬಹುದು, ಎಲ್ಲ ಸಾಧನಗಳಲ್ಲೂ ಕಾಣುತ್ತವೆ. ಆದರೆ ಇದು ಬ್ಯಾಕಪ್ ಅಲ್ಲ. ಚಂದಾ ನಿಂತರೆ ಕ್ಲೌಡಿನ ಬಾಗಿಲೂ ಮುಚ್ಚುತ್ತದೆ. ಮೂಲ ಎಂಪಿ3ಗಳನ್ನು ಬೇರೆ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಳ್ಳದೆ ಅಳಿಸಲೇಬೇಡಿ.

ಯೂಟ್ಯೂಬ್ ಮ್ಯೂಸಿಕ್

ಬದಲಿ ಹಾಡು ಹುಡುಕುವುದಕ್ಕೆ ಇದನ್ನು ಮೀರಿಸುವುದು ಬೇರೊಂದಿಲ್ಲ. ಆಲ್ಬಂ ಆವೃತ್ತಿ ಹೋದರೂ ಕಂಪನಿಯದೇ ವಿಡಿಯೊ, ಜ್ಯೂಕ್‌ಬಾಕ್ಸ್ ಅಥವಾ ಲಿರಿಕಲ್ ವಿಡಿಯೊ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹಳೆಯ ಭಾವಗೀತೆ, ಜಾನಪದ, ನಾಟಕದ ಹಾಡುಗಳ ವಿಷಯದಲ್ಲಂತೂ ಉಳಿದೆರಡು ಹತ್ತಿರಕ್ಕೂ ಬರುವುದಿಲ್ಲ. ಆದರೆ ಯಾರೋ ಅಭಿಮಾನಿ ಏರಿಸಿದ ವಿಡಿಯೊ ಯಾವ ದಿನ ಬೇಕಾದರೂ ಹೋಗಬಹುದು. ವಿವರಣೆಯಲ್ಲಿ ‘ಪ್ರೊವೈಡೆಡ್ ಟು ಯೂಟ್ಯೂಬ್ ಬೈ’ ಎಂದು ಶುರುವಾಗುವ ಆಡಿಯೊ ಆವೃತ್ತಿ ಕಂಪನಿ ಅಥವಾ ವಿತರಕರ ಕಡೆಯಿಂದಲೇ ಬಂದದ್ದು. ಪ್ಲೇಲಿಸ್ಟಿಗೆ ಅದನ್ನೇ ಹಾಕಿ.

ಇದರ ದೊಡ್ಡ ಕೊರತೆ ಹೆಸರು ಉಳಿಸದಿರುವುದು. ವಿಡಿಯೊ ಅಳಿಸಿಹೋದರೆ ಪಟ್ಟಿಯಲ್ಲಿ ‘ಡಿಲೀಟೆಡ್ ವಿಡಿಯೊ’ ಎಂದಷ್ಟೇ ಇರುತ್ತದೆ. ದಾರಿಯಿಲ್ಲವೆಂದಲ್ಲ. ಕಂಪ್ಯೂಟರಿನಲ್ಲಿ ಮುಖ್ಯ ಯೂಟ್ಯೂಬ್ ಸೈಟಿಗೆ ಹೋಗಿ ಅದೇ ಪ್ಲೇಲಿಸ್ಟ್ ತೆರೆದು, ಮೂರು ಚುಕ್ಕಿಯಲ್ಲಿ ಲಭ್ಯವಿಲ್ಲದ ವಿಡಿಯೊಗಳನ್ನು ತೋರಿಸು ಎಂಬುದನ್ನು ಒತ್ತಿ. ಸತ್ತ ಸಾಲಿನ ಮೇಲೆ ಕ್ಲಿಕ್ಕಿಸಿದರೆ ಬ್ರೌಸರಿನ ಮೇಲ್ಗಡೆಯ ವಿಳಾಸದ ಸಾಲಿನಲ್ಲಿ ಮೊದಲ ಸಮಚಿಹ್ನೆ (=) ಆದ ಮೇಲೆ 11 ಅಕ್ಷರಗಳ ಗುರುತು ಕಾಣುತ್ತದೆ. ಅಷ್ಟನ್ನೇ ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್‌ನಲ್ಲಿ ಹುಡುಕಿ. ಆ ವಿಡಿಯೊವನ್ನು ಯಾರಾದರೂ ಎಲ್ಲಾದರೂ ಹಂಚಿಕೊಂಡಿದ್ದರೆ ಹೆಸರು ಸಿಗುತ್ತದೆ. ಸಿಗದಿದ್ದರೆ ವೆಬ್ ಪುಟಗಳ ಹಳೆಯ ಪ್ರತಿ ಇಟ್ಟುಕೊಳ್ಳುವ ವೇಬ್ಯಾಕ್ ಮಷೀನ್ ಸೈಟಿನಲ್ಲಿ ಪೂರ್ತಿ ವಿಳಾಸ ಹಾಕಿ ನೋಡಿ.

ಸ್ವಂತ ಫೈಲಿನ ಮಟ್ಟಿಗೆ ನಮ್ಮ ಆಯ್ಕೆ ಇದೇ. ಬ್ರೌಸರ್‌ನಲ್ಲಿ ಯೂಟ್ಯೂಬ್ ಮ್ಯೂಸಿಕ್ ತೆರೆದು, ಪ್ರೊಫೈಲ್ ಚಿತ್ರ ಒತ್ತಿ ಅಪ್‌ಲೋಡ್ ಆರಿಸಿದರೆ ಸಾಕು. ಎಂಪಿ3, ಎಂ4ಎ, ಫ್ಲ್ಯಾಕ್, ಡಬ್ಲ್ಯುಎಂಎ ಎಲ್ಲ ಹಿಡಿಯುತ್ತದೆ, ಮಿತಿ 1,00,000 ಹಾಡು. ಚಂದಾ ಕಟ್ಟದಿದ್ದರೂ ಏರಿಸಿದ ಹಾಡುಗಳು ಜಾಹೀರಾತಿಲ್ಲದೆ, ಸ್ಕ್ರೀನ್ ಆಫ್ ಆಗಿದ್ದರೂ ನುಡಿಯುತ್ತವೆ. ಬೇರೆಯವರಿಗೆ ಮಾತ್ರ ಅವು ಕೇಳಿಸುವುದಿಲ್ಲ.

ಜಿಯೋಸಾವನ್, ಗಾನಾಗಳಲ್ಲಿ ಕನ್ನಡ ಹಾಡುಗಳು ಧಾರಾಳವಾಗಿವೆ. ಆದರೆ ಸ್ವಂತ ಫೈಲು ಕ್ಲೌಡಿಗೆ ಏರಿಸುವ ದಾರಿಯೇ ಇಲ್ಲದ್ದರಿಂದ ಈ ಹೋಲಿಕೆಯಲ್ಲಿ ಅವು ಹಿಂದೆ ಬೀಳುತ್ತವೆ. ಕೇಳುವುದಕ್ಕೆ ಸರಿ, ಸಂಗ್ರಹಕ್ಕೆ ಅಲ್ಲ.

ಪಟ್ಟಿಯ ಪ್ರತಿ ಇಟ್ಟುಕೊಳ್ಳುವುದು

ಕೆಲವೊಮ್ಮೆ ಹಾಡಲ್ಲ, ಆ್ಯಪೇ ಹೋಗುತ್ತದೆ. ರೆಸ್ಸೊ 2024ರ ಜನವರಿಯಲ್ಲಿ ಭಾರತದಲ್ಲಿ ಬಾಗಿಲು ಹಾಕಿತು, ವಿಂಕ್ ಮುಚ್ಚುವುದಾಗಿ ಏರ್‌ಟೆಲ್ ಅದೇ ವರ್ಷ ಆಗಸ್ಟ್‌ನಲ್ಲಿ ಹೇಳಿತು. ಹಾಗಾಗಿ ಪಟ್ಟಿಯನ್ನು ಆಗಾಗ ಹೊರಗೆ ತೆಗೆದಿಡಿ. ನಮ್ಮ ಡೇಟಾದ ಪ್ರತಿ ಕೊಡುವ ಗೂಗಲ್ ಟೇಕ್‌ಔಟ್‌ನಲ್ಲಿ ಎಲ್ಲ ಟಿಕ್ ತೆಗೆದು ಯೂಟ್ಯೂಬ್ ಒಂದನ್ನೇ ಉಳಿಸಿದರೆ ಪ್ಲೇಲಿಸ್ಟ್‌ಗಳು ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಿಎಸ್‌ವಿ ರೂಪದಲ್ಲಿ ಬರುತ್ತವೆ. ಆಪಲ್ ಮ್ಯೂಸಿಕ್‌ಗೆ ಮ್ಯಾಕ್‌ನಲ್ಲಿ ಫೈಲ್, ಲೈಬ್ರರಿ, ಎಕ್ಸ್‌ಪೋರ್ಟ್ ಪ್ಲೇಲಿಸ್ಟ್. ಸ್ಪಾಟಿಫೈಗೆ ಎಕ್ಸ್‌ಪೋರ್ಟಿಫೈ ಎಂಬ ವೆಬ್ ಸಾಧನವಿದೆ. ಸ್ಪಾಟಿಫೈ ಅಕೌಂಟ್ ಪುಟದ ರಿಕವರ್ ಪ್ಲೇಲಿಸ್ಟ್ಸ್‌ನಲ್ಲಿ, ನೀವೇ ಅಳಿಸಿದ ಪ್ಲೇಲಿಸ್ಟನ್ನು 90 ದಿನದೊಳಗೆ ವಾಪಸ್ ತರಲೂ ಬರುತ್ತದೆ.

ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಪಟ್ಟಿ ಸಾಗಿಸಲು ಸೌಂಡೀಜ್, ಟ್ಯೂನ್ ಮೈ ಮ್ಯೂಸಿಕ್ ಎರಡೂ ನಡೆಯುತ್ತವೆ. ಸಾಗಿಸಿದ ಮೇಲೆ ಕಣ್ಣಿಟ್ಟು ನೋಡಬೇಕಾದದ್ದು ಹಾಡಿನ ಅವಧಿ. ಜನಪ್ರಿಯ ಹಳೆಯ ಹಾಡುಗಳನ್ನು ಅದೇ ಹೆಸರಿನಲ್ಲಿ ಬೇರೆಯವರು ಹಾಡಿದ ಕವರ್, ಕರೋಕೆ, ವಾದ್ಯದ ಆವೃತ್ತಿಗಳು ಬೇಕಾದಷ್ಟಿವೆ, ಯಂತ್ರ ಅವನ್ನೇ ಎತ್ತಿಕೊಂಡು ಬರುತ್ತದೆ. ಅವಧಿಯಲ್ಲಿ ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅನುಮಾನಪಡಿ. ಪಟ್ಟಿಯಲ್ಲಿ ಪ್ರತಿ ರೆಕಾರ್ಡಿಂಗ್‌ಗೆ ಕೊಡುವ ಐಎಸ್‌ಆರ್‌ಸಿ ಎಂಬ 12 ಅಕ್ಷರದ ಗುರುತಿನ ಸಂಖ್ಯೆಯಿದ್ದರೆ ಇನ್ನೂ ಒಳ್ಳೆಯದು, ಎರಡೂ ಕಡೆ ಅದು ಒಂದೇ ಆಗಿದ್ದರೆ ರೆಕಾರ್ಡಿಂಗ್ ಕೂಡ ಒಂದೇ ಎಂದು ನಂಬಬಹುದು. ಹಾಡು ಸಿಗದಿದ್ದರೆ ಚಿತ್ರದ ಹೆಸರು ಬಿಟ್ಟು ಗಾಯಕರ ಅಥವಾ ಸಂಗೀತ ನಿರ್ದೇಶಕರ ‘ಹಿಟ್ಸ್’ ಸಂಕಲನಗಳಲ್ಲಿ ಹುಡುಕಿ. ಚಿತ್ರದ ಆಲ್ಬಂ ಇಳಿದರೂ ಸಂಕಲನದಲ್ಲಿ ಅದೇ ರೆಕಾರ್ಡಿಂಗ್ ಉಳಿದಿರುವುದುಂಟು. ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಸ್ಪೆಲ್ಲಿಂಗ್‌ನಲ್ಲಿ ಇನ್ನೊಮ್ಮೆ ಹುಡುಕಿ. ಹೊಸ ಸಾಲು ಹಾಕಿ, ಪೂರ್ತಿ ಕೇಳಿ, ಆಮೇಲೆಯೇ ಹಳೆಯ ಮಸುಕಾದ ಸಾಲನ್ನು ತೆಗೆಯಿರಿ.